ಹಳೆಯ ಏರುಪೇರಾದ ನೆಲದ ಮೇಲೆ ಹೊಸ ಟೈಲ್ಸ್: ಒಡೆಯದೆ ಹಾಕುವ ಕ್ರಮದ ಸಮಗ್ರ ಮಾರ್ಗದರ್ಶಿ

ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ನಮ್ಮ ಮನೆಗಳಲ್ಲಿ ನೆಲವೆಂದರೆ ಸಾಮಾನ್ಯವಾಗಿ ರೆಡ್ ಆಕ್ಸೈಡ್, ಮೊಸಾಯಿಕ್, ಕಡಪ ಕಲ್ಲು ಅಥವಾ ಕಲಬುರಗಿ ಕಡೆಯ ಶಹಾಬಾದ್ ಕಲ್ಲು. ಇವು ಅಲ್ಲಲ್ಲಿ ಕುಸಿದು, ಬಿರುಕು ಬಿಟ್ಟು, ಒರೆಸಿದ ನೀರು ಒಂದೇ ಮೂಲೆಗೆ ಹೋಗಿ ನಿಲ್ಲತೊಡಗಿದಾಗ ಮನೆಯವರ ಮುಂದೆ ಎರಡು ದಾರಿಗಳಿರುತ್ತವೆ: ಹಳೆಯದನ್ನು ಪೂರ್ತಿ ಒಡೆದು ತೆಗೆಯುವುದು, ಇಲ್ಲವೇ ಅದರ ಮೇಲೆಯೇ ಹೊಸ ಟೈಲ್ಸ್ ಅಂಟಿಸುವುದು. ಎರಡನೆಯದರಲ್ಲಿ ಸದ್ದು, ಧೂಳು, ಮಣ್ಣು ಸಾಗಿಸುವ ಖರ್ಚು ಎಲ್ಲವೂ ಕಡಿಮೆ. ವಾಸವಿರುವ ಮನೆಯಲ್ಲೂ ಒಂದೊಂದೇ ಕೋಣೆ ತೆರವು ಮಾಡಿಕೊಂಡು ಕೆಲಸ ಮುಗಿಸಬಹುದು. ಆದರೆ ಹೊಸ ಟೈಲ್ಸ್ ಹಿಡಿದುಕೊಳ್ಳುವುದು ಹಳೆಯ ನೆಲವನ್ನೇ ಆದ್ದರಿಂದ, ಆ ನೆಲ ಗಟ್ಟಿಯಾಗಿದ್ದರೆ ಮಾತ್ರ ಈ ದಾರಿ ಸರಿ. ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸವೇ ಇಲ್ಲಿ ಹೆಚ್ಚು, ಈ ಬರಹದಲ್ಲೂ ಅದಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಎತ್ತರ ಮತ್ತು ಭಾರದ ಲೆಕ್ಕ

ವಿಟ್ರಿಫೈಡ್ ಟೈಲ್ಸ್‌ನ ದಪ್ಪ ಸಾಮಾನ್ಯವಾಗಿ 8ರಿಂದ 10 ಮಿ.ಮೀ., ಅದರ ಕೆಳಗಿನ ಅಂಟಿನ ಪದರ 3ರಿಂದ 5 ಮಿ.ಮೀ. ಇರುತ್ತದೆ. ತಗ್ಗು ತುಂಬುವುದಕ್ಕೆ ಬೇಕಾಗುವುದನ್ನೂ ಸೇರಿಸಿದರೆ ನೆಲ 15ರಿಂದ 20 ಮಿ.ಮೀ. ಮೇಲೇರುತ್ತದೆ ಎಂದು ಹಿಡಿಯಬಹುದು. ಇಷ್ಟು ಏರಿದರೆ ಒಳಕೋಣೆಗಳ ಬಾಗಿಲು ತೆರೆಯುವುದಿಲ್ಲ. ಬಡಗಿಯನ್ನು ಕರೆಸಿ ಕೆಳಗಿನ ಅಂಚು ಕೊಯ್ಯಿಸಬೇಕಾಗುತ್ತದೆ. ಟೈಲ್ಸ್ ಹಾಕಿದ ಮೇಲೆ ಬಾಗಿಲು ಒಳಗಡೆಯೇ ಸಿಕ್ಕಿಕೊಂಡರೆ ಕೀಲು ಬಿಚ್ಚುವುದೂ ಕಷ್ಟವಾಗುವುದರಿಂದ, ಬಾಗಿಲುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಜಾಣತನ. ತಲಬಾಗಿಲಿನ ಮತ್ತು ದೇವರ ಕೋಣೆಯ ಹೊಸ್ತಿಲಿನ ಎತ್ತರವನ್ನೂ ಅಳೆದು ನೋಡಬೇಕು. ಹೊಸ ನೆಲ ಹೊಸ್ತಿಲಿನ ಸಮಕ್ಕೆ ಬಂದುಬಿಟ್ಟರೆ ಹೊರಗೆ ಚೆಲ್ಲಿದ ನೀರು ನೇರವಾಗಿ ನಡುಮನೆಗೆ ಬರುತ್ತದೆ, ಪೂಜೆಗೆ ಹೊಸ್ತಿಲೇ ಇಲ್ಲದಂತಾಗುತ್ತದೆ ಎಂಬ ಆಕ್ಷೇಪ ಮನೆಯ ಹಿರಿಯರಿಂದಲೂ ಬರುತ್ತದೆ.

ಮೆಟ್ಟಿಲಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಕೆಳಮನೆಯ ನೆಲ 20 ಮಿ.ಮೀ. ಏರಿದರೆ ಮೊದಲ ಮೆಟ್ಟಿಲು ಅಷ್ಟರಮಟ್ಟಿಗೆ ಗಿಡ್ಡವಾಗುತ್ತದೆ. ಮಹಡಿಯ ನೆಲ ಏರಿದರೆ ಕೊನೆಯ ಮೆಟ್ಟಿಲು ಅಷ್ಟು ಎತ್ತರವಾಗುತ್ತದೆ. ಉಳಿದೆಲ್ಲ ಮೆಟ್ಟಿಲುಗಳಿಗೆ ಹೊಂದಿಕೊಂಡ ಕಾಲು ಆ ಒಂದರಲ್ಲಿ ಎಡವುತ್ತದೆ. ಮೆಟ್ಟಿಲುಗಳ ಮೇಲೂ ಅಷ್ಟೇ ದಪ್ಪದ ಹೊದಿಕೆ ಹಾಕುವುದೇ ಇದಕ್ಕಿರುವ ಸರಿಯಾದ ಪರಿಹಾರ.

ಭಾರದ ಲೆಕ್ಕ ಮಹಡಿಯ ಮನೆಗಳಿಗೆ ಮುಖ್ಯವಾದದ್ದು. ನೆಲ ಏರುಪೇರಾಗಿದೆ ಎಂದು ಕಂಡಕೂಡಲೇ "ಎರಡಿಂಚು ಗಾರೆ ಹಾಕಿ ಒಂದೇ ಮಟ್ಟ ಮಾಡಿಬಿಡೋಣ ಸಾರ್" ಎನ್ನುವ ಮೇಸ್ತ್ರಿಗಳು ಇಂದಿಗೂ ಇದ್ದಾರೆ. ಎರಡಿಂಚಿನ ಸಿಮೆಂಟ್ ಗಾರೆ ಚದರ ಮೀಟರಿಗೆ ಸುಮಾರು 100 ಕೆ.ಜಿ. ತೂಗುತ್ತದೆ, ಟೈಲ್ಸ್ ಇನ್ನೊಂದು 20 ಕೆ.ಜಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ಸುಮಾರು 11 ಚದರ ಮೀಟರ್ ಇರುತ್ತದೆ. ಅಂದರೆ ಆ ಒಂದೇ ಕೋಣೆಯ ಮೇಲೆ 1,300 ಕೆ.ಜಿ. ಹೆಚ್ಚುವರಿ ಭಾರ ಕಾಯಂ ಆಗಿ ಕೂರುತ್ತದೆ. ವಾಸದ ಕೋಣೆಗಳಲ್ಲಿ ಜನ ಮತ್ತು ಸಾಮಾನು ಸೇರಿ ಬರುವ ಭಾರವನ್ನು ಭಾರತೀಯ ಮಾನಕ ಐಎಸ್ 875 ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಎಂದು ಹಿಡಿಯುತ್ತದೆ, ಅದರ ಅರ್ಧಕ್ಕಿಂತ ಹೆಚ್ಚನ್ನು ನಾವು ಗಾರೆಗೇ ಕೊಟ್ಟಂತಾಯಿತು. ಅದೇ ಕೋಣೆಯಲ್ಲಿ ತೆಳು ಅಂಟಿನ ಮೇಲೆ ಟೈಲ್ಸ್ ಹಾಕಿದರೆ ಸೇರುವ ಭಾರ 300 ಕೆ.ಜಿ. ಆಸುಪಾಸು ಮಾತ್ರ. ತಾರಸಿ ಹಳೆಯದಾಗಿದ್ದು ಕೆಳಗಿನ ಮನೆಯ ಸೂರಿನಲ್ಲಿ ಬಿರುಕು, ತುಕ್ಕಿನ ಕಲೆ ಅಥವಾ ಕಾಂಕ್ರೀಟ್ ಉದುರಿದ ಗುರುತು ಕಂಡರೆ ಅಷ್ಟನ್ನೂ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಹಾಕಿಸಬಾರದು.

ಹಳೆಯ ನೆಲದ ಪರೀಕ್ಷೆ

ಕೋಣೆಯ ಸಾಮಾನೆಲ್ಲ ತೆಗೆಸಿ, ಸೀಮೆಸುಣ್ಣದ ತುಂಡು ಮತ್ತು ಒಂದು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕುಳಿತುಕೊಳ್ಳಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣಿಗೊಂದು ಕಡೆ ತಟ್ಟುತ್ತಾ ಹೋದರೆ ಗಟ್ಟಿಯಾದ ಜಾಗದಲ್ಲಿ ಸದ್ದು ಕುಳ್ಳಾಗಿ ಅಲ್ಲೇ ನಿಲ್ಲುತ್ತದೆ, ಟೊಳ್ಳಾದ ಜಾಗದಲ್ಲಿ ಡಬಡಬ ಎಂದು ಕೇಳುತ್ತದೆ. ಟೊಳ್ಳಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಅಲ್ಲೊಂದು ಇಲ್ಲೊಂದು ಇದ್ದರೆ ಆ ಭಾಗವನ್ನಷ್ಟೇ ಒಡೆದು ತೆಗೆದು ಹೊಸ ಗಾರೆ ತುಂಬಬಹುದು. ನನ್ನ ಅಂದಾಜಿನಲ್ಲಿ, ಕೋಣೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಟೊಳ್ಳಾಗಿದ್ದರೆ ಮೇಲೆ ಹಾಕುವ ಯೋಚನೆಯನ್ನೇ ಬಿಟ್ಟು ಪೂರ್ತಿ ಕೀಳಿಸುವುದು ಒಳ್ಳೆಯದು. ಶಹಾಬಾದ್ ಅಥವಾ ಕಡಪ ಕಲ್ಲಿನ ನೆಲದಲ್ಲಿ ಇದಕ್ಕೆ ಸೇರಿಸಿ ಇನ್ನೊಂದು ಪರೀಕ್ಷೆ ಮಾಡಬೇಕು: ಪ್ರತಿ ಚಪ್ಪಡಿಯ ಮೂಲೆಯ ಮೇಲೆ ಕಾಲಿಟ್ಟು ಭಾರ ಹಾಕಬೇಕು. ಅಲುಗಾಡುವ ಚಪ್ಪಡಿಯ ಮೇಲೆ ಎಂಥ ದುಬಾರಿ ಅಂಟು ಹಾಕಿದರೂ ಟೈಲ್ಸ್ ನಿಲ್ಲುವುದಿಲ್ಲ; ಅದನ್ನು ಎತ್ತಿ ಮತ್ತೆ ಕೂರಿಸಲೇಬೇಕು.

ಬಿರುಕುಗಳನ್ನು ಎರಡು ಬಗೆಯಾಗಿ ನೋಡಬೇಕು. ರೆಡ್ ಆಕ್ಸೈಡ್ ನೆಲದಲ್ಲಿ ಜೇಡರ ಬಲೆಯಂತೆ ಹರಡಿರುವ ಕೂದಲೆಳೆಯ ಬಿರುಕುಗಳು ಮೇಲ್ಪದರ ಕುಗ್ಗಿದ್ದರಿಂದ ಆದವು, ಅವುಗಳಿಂದ ತೊಂದರೆಯಿಲ್ಲ. ಉದ್ದಕ್ಕೆ ಒಂದೇ ಗೆರೆಯಾಗಿ ಹೋಗಿ, ಬೆರಳಾಡಿಸಿದರೆ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿದೆ ಎಂದು ತಿಳಿಯುವ ಬಿರುಕು ನೆಲದ ಕೆಳಗಿನ ಚಲನೆಯನ್ನು ಹೇಳುತ್ತದೆ. ಅದಕ್ಕೆ ಅಡ್ಡಲಾಗಿ ಒಂದು ಉಂಡೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ದಿನಾಂಕ ಬರೆದು, ಕೆಲವು ವಾರ ಬಿಟ್ಟು ನೋಡಬೇಕು. ಉಂಡೆ ಸೀಳಿದ್ದರೆ ಬಿರುಕು ಇನ್ನೂ ಜೀವಂತವಾಗಿದೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಇದು ಸಾಮಾನ್ಯ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ; ನೆಲವೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಅಲ್ಲಿ ನೆಲದ ಅಡಿಯ ಮಣ್ಣನ್ನು ತೆಗೆದು ಗರಸು ತುಂಬಿಸದೆ, ಗೋಡೆಯ ಬುಡಕ್ಕೆ ಮಳೆನೀರು ಇಳಿಯದಂತೆ ಮಾಡದೆ ಮೇಲೆ ಟೈಲ್ಸ್ ಹಾಕಿಸುವುದು ಹಣ ಕಳೆಯುವ ಕೆಲಸವಷ್ಟೆ.

ನೆಲಮಹಡಿಯ ಮನೆಗಳಲ್ಲಿ ತೇವವನ್ನೂ ನೋಡಬೇಕು. ಒಂದೂವರೆ ಅಡಿ ಚೌಕದ ದಪ್ಪ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಬಿಚ್ಚಿದಾಗ ಹಾಳೆಯ ಕೆಳಗೆ ನೀರಿನ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಏರುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ನೆಮ್ಮದಿ ಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಂತೂ ಮಳೆಗಾಲದ ನಡುವೆಯೇ ಮಾಡಬೇಕು. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೂವಿನಂತೆ ಎದ್ದಿದ್ದರೆ ಪರೀಕ್ಷೆಯೂ ಬೇಡ, ತೇವದ ಮೂಲವನ್ನು ಮೊದಲು ಸರಿಪಡಿಸಬೇಕು.

ಕೊನೆಯದು ಒಂದು ಹನಿ ನೀರಿನ ಪರೀಕ್ಷೆ. ವರ್ಷಗಟ್ಟಲೆ ಮೇಣ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ ಹೊಳಪು ಬರಿಸಿದ ರೆಡ್ ಆಕ್ಸೈಡ್ ನೆಲದ ಮೇಲೆ ಹನಿ ನೀರು ಬಿಟ್ಟರೆ ಅದು ಹರಡದೆ ದುಂಡಗೆ ಮುತ್ತಿನಂತೆ ನಿಂತುಬಿಡುತ್ತದೆ. ಹೀಗೆ ಮೇಣ, ಎಣ್ಣೆ ಹತ್ತಿ ನೀರನ್ನು ಹೀರದಂತಾದ ಮೇಲ್ಮೈ ಸಿಮೆಂಟ್ ಆಧಾರಿತ ಅಂಟನ್ನೂ ಹಿಡಿಯುವುದಿಲ್ಲ. ಇಂಥ ನೆಲದ ಮೇಲ್ಪದರವನ್ನು ಕಡ್ಡಾಯವಾಗಿ ಉಜ್ಜಿ ತೆಗೆಯಬೇಕು. ಹೊಳೆಯುವ ಇಂಥ ಹಳೆಯ ನೆಲವನ್ನು ಮುಚ್ಚುವುದು ನಿಜವಾಗಿಯೂ ಬೇಕೇ, ದುರಸ್ತಿ ಸಾಧ್ಯವಿಲ್ಲವೇ ಎಂದು ಒಮ್ಮೆ ಕೇಳಿಕೊಳ್ಳುವುದಕ್ಕೂ ಇದೇ ಸಮಯ. ಗಟ್ಟಿಯಾಗಿರುವ ರೆಡ್ ಆಕ್ಸೈಡ್ ಅನ್ನು ಉಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಏರುಪೇರು ಅಳೆಯುವುದು

ನೆಲ ಮಟ್ಟವಾಗಿರುವುದು ಬೇರೆ, ಸಮತಟ್ಟಾಗಿರುವುದು ಬೇರೆ. ಕೋಣೆಯ ಒಂದು ಬದಿ ಇನ್ನೊಂದಕ್ಕಿಂತ ಅರ್ಧ ಇಂಚು ಇಳಿದಿದ್ದರೂ ನಡುವೆ ಉಬ್ಬುತಗ್ಗಿಲ್ಲದಿದ್ದರೆ ಟೈಲ್ಸ್ ಚೆನ್ನಾಗಿಯೇ ಕೂರುತ್ತದೆ. ಟೈಲ್ಸ್‌ಗೆ ಶತ್ರುವಾಗಿರುವುದು ಅಲೆಯಲೆಯಾದ ನೆಲ. ಆದ್ದರಿಂದ ಎಲ್ಲ ಕೋಣೆಗಳನ್ನೂ ಒಂದೇ ಮಟ್ಟಕ್ಕೆ ತರುವ ಹಟ ಹಿಡಿಯದೆ, ಪ್ರತಿ ಕೋಣೆಯನ್ನು ಸಮತಟ್ಟು ಮಾಡುವುದರ ಕಡೆಗೆ ಗಮನ ಕೊಟ್ಟರೆ ದಪ್ಪವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಕೋಣೆಗಳ ನಡುವಿನ ಎತ್ತರದ ವ್ಯತ್ಯಾಸವನ್ನು ಟ್ಯೂಬ್ ಲೆವೆಲ್‌ನಿಂದ, ಅಂದರೆ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಗೋಡೆಯ ಮೇಲೆ ಗುರುತು ಹಾಕಿಕೊಂಡು ಅಳೆಯಬಹುದು. ಕೊಳವೆಯೊಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಬೇಕು. ಉಬ್ಬುತಗ್ಗುಗಳಿಗೆ ಹತ್ತಡಿ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿ ಸಾಕು. ಅದನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಬೆಳಕು ಕಾಣುವ ಕಡೆ ಎಷ್ಟು ಸಂದಿಯಿದೆ ಎಂದು ಅಳತೆಪಟ್ಟಿಯಿಂದ ನೋಡಿ ಅಲ್ಲೇ ನೆಲದ ಮೇಲೆ ಬರೆಯಬೇಕು. ಅಮೆರಿಕದ ಟೈಲ್ಸ್ ಮಾನದಂಡದ ಪ್ರಕಾರ 15 ಇಂಚಿಗಿಂತ ದೊಡ್ಡ ಟೈಲ್ಸ್ ಹಾಕುವ ನೆಲದಲ್ಲಿ ಹತ್ತಡಿಗೆ 3 ಮಿ.ಮೀ.ಗಿಂತ ಹೆಚ್ಚು, ಚಿಕ್ಕ ಟೈಲ್ಸ್‌ಗೆ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಾಲ್ಕಡಿ ಎರಡಡಿಯ ದೊಡ್ಡ ಹಾಳೆಗಳು ಈಗಿನ ಮೋಹ. ಹಳೆಯ ನೆಲದ ಮೇಲೆ ಎರಡಡಿ ಚೌಕವೇ ಒಳ್ಳೆಯ ಆಯ್ಕೆ, ಏಕೆಂದರೆ ಟೈಲ್ಸ್ ದೊಡ್ಡದಾದಷ್ಟೂ ಅಂಚುಗಳು ಒಂದಕ್ಕಿಂತ ಒಂದು ಎತ್ತರವಾಗಿ ಕಾಲಿಗೆ ತಾಗುವ ಸಂಭವ ಹೆಚ್ಚು.

ಮೇಲ್ಮೈ ಉಜ್ಜುವುದು, ತಗ್ಗು ತುಂಬುವುದು

ಹೊಳಪಿನ ನೆಲಕ್ಕೆ ಉಳಿ ಸುತ್ತಿಗೆಯಿಂದ ಕಚ್ಚು ಹೊಡೆಯುವುದು ಹಳೆಯ ಪದ್ಧತಿ. ಆ ಪೆಟ್ಟಿಗೆ ಗಟ್ಟಿಯಾಗಿದ್ದ ನೆಲವೂ ಅಡಿಯಿಂದ ಬಿಟ್ಟುಕೊಳ್ಳಬಹುದಾದ್ದರಿಂದ, ಆಂಗಲ್ ಗ್ರೈಂಡರಿಗೆ ಡೈಮಂಡ್ ಕಪ್ ವೀಲ್ ಹಾಕಿ ಉಜ್ಜಿಸುವುದೇ ಲೇಸು. ಉಬ್ಬಿರುವ ಕಡೆ ಹೆಚ್ಚು ಉಜ್ಜಿದರೆ ತಗ್ಗು ತುಂಬುವ ಕೆಲಸವೂ ಕಡಿಮೆಯಾಗುತ್ತದೆ. ಇದರಿಂದ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುವಂಥದ್ದು. ಕೆಲಸಗಾರರು ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಲದು. ಎನ್95 ಮಾಸ್ಕ್ ತಂದುಕೊಡಬೇಕು, ಧೂಳೆಳೆಯುವ ಯಂತ್ರ ಜೋಡಿಸಿದ ಗ್ರೈಂಡರ್ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಉಜ್ಜಿದ ಮೇಲೆ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಹನಿ ನೀರು ಬಿಟ್ಟು ನೋಡಬೇಕು. ಮೊಸಾಯಿಕ್ ಅಥವಾ ಹಳೆಯ ಸೆರಾಮಿಕ್ ಟೈಲ್ಸ್‌ನಂಥ ನೀರು ಹೀರದ ನೆಲವಾದರೆ ಅಂಟಿನ ಕಂಪನಿಯೇ ಸೂಚಿಸುವ ಪ್ರೈಮರ್, ಅಂದರೆ ಅಂಟು ಹಿಡಿಯಲೆಂದು ಮೊದಲು ಹಚ್ಚುವ ದ್ರವ, ಬಳಿಯಬೇಕು. ಪ್ರೈಮರ್ ಒಂದು ಕಂಪನಿಯದು, ಅಂಟು ಇನ್ನೊಂದರದು ಎಂದಾದರೆ ನಾಳೆ ಟೈಲ್ಸ್ ಎದ್ದಾಗ ಇಬ್ಬರೂ ಜವಾಬ್ದಾರಿ ಹೊರುವುದಿಲ್ಲ.

ತಗ್ಗಿನ ಆಳ ನೋಡಿ ತುಂಬುವ ವಸ್ತುವನ್ನು ಆರಿಸಬೇಕು. 3 ಮಿ.ಮೀ.ವರೆಗಿನದನ್ನು ಅಂಟಿನ ಪದರವೇ ಸರಿದೂಗಿಸುತ್ತದೆ. 3ರಿಂದ 10 ಮಿ.ಮೀ.ವರೆಗೆ ಇಡೀ ಕೋಣೆಗೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್, ಅಂದರೆ ನೀರಿನಲ್ಲಿ ಕಲಸಿ ಸುರಿದರೆ ತಾನೇ ಹರಡಿ ಮಟ್ಟವಾಗುವ ಸಿಮೆಂಟ್ ಮಿಶ್ರಣ, ಸುರಿಯುವುದು ಅಚ್ಚುಕಟ್ಟಾದ ದಾರಿ. ಚದರ ಮೀಟರಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 1.7 ಕೆ.ಜಿ. ಪುಡಿ ಬೇಕು, 100 ಚದರ ಅಡಿಗೆ ಸರಾಸರಿ 5 ಮಿ.ಮೀ. ಹಾಕುವುದಾದರೆ 80 ಕೆ.ಜಿ. ಹಿಡಿದುಕೊಳ್ಳಬೇಕು. ಚೀಲದ ಮೇಲೆ ಬರೆದಷ್ಟೇ ನೀರನ್ನು ಅಳೆದು ಹಾಕಬೇಕು. ನೀರು ಹೆಚ್ಚಾದರೆ ಮೇಲೆ ಪುಡಿಯಂಥ ದುರ್ಬಲ ಕೆನೆ ಕಟ್ಟಿ ಟೈಲ್ಸ್ ಅದರೊಂದಿಗೇ ಎದ್ದುಬರುತ್ತದೆ. ಕಲಸಿದ್ದು ಹದಿನೈದಿಪ್ಪತ್ತು ನಿಮಿಷದಲ್ಲಿ ಬಿಗಿಯತೊಡಗುವುದರಿಂದ ಒಬ್ಬರು ಕಲಸುತ್ತಾ ಇನ್ನೊಬ್ಬರು ಸುರಿಯುತ್ತಾ ಹೋಗಬೇಕು. ಸುರಿಯುವ ಮೊದಲು ಬಾಗಿಲಂಚು, ನೀರಿನ ಜಾಲರಿ, ಬಿರುಕುಗಳನ್ನು ಮುಚ್ಚಿರಬೇಕು, ಇಲ್ಲವಾದರೆ ಅದು ದಾರಿ ಹುಡುಕಿಕೊಂಡು ಹರಿದುಹೋಗುತ್ತದೆ. ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಬೇಕಾದ ಬಾಲ್ಕನಿ, ಬಚ್ಚಲುಗಳಲ್ಲಿ ಇದನ್ನು ಬಳಸಲೇಬಾರದು.

ಅಲ್ಲಲ್ಲಿ 10ರಿಂದ 25 ಮಿ.ಮೀ. ಆಳದ ಗುಂಡಿಗಳಿದ್ದರೆ ಪಾಲಿಮರ್ ಬೆರೆಸಿದ ರಿಪೇರಿ ಗಾರೆಯಿಂದ ತುಂಬಿ, ಅಲ್ಯೂಮಿನಿಯಂ ಪಟ್ಟಿಯಿಂದ ಎಳೆದು ಮಟ್ಟ ಮಾಡಬೇಕು. ಅದಕ್ಕಿಂತ ಆಳವಾಗಿದ್ದರೆ ಹಳೆಯ ನೆಲಕ್ಕೆ ಎಸ್‌ಬಿಆರ್ ಲೇಟೆಕ್ಸ್ (ಹಿಡಿತ ಹೆಚ್ಚಿಸುವ ಹಾಲಿನಂಥ ದ್ರವ) ಬೆರೆಸಿದ ಸಿಮೆಂಟ್ ಹಾಲು ಬಳಿದು, ಅದು ಹಸಿಯಾಗಿರುವಾಗಲೇ ಒಂದು ಪಾಲು ಸಿಮೆಂಟಿಗೆ ಮೂರು ಅಥವಾ ನಾಲ್ಕು ಪಾಲು ಮರಳಿನ ಗಾರೆ ಹಾಕಿ, ಒಂದು ವಾರ ನೀರುಣಿಸಬೇಕು. ಅಷ್ಟು ಆಳ ಇಡೀ ಕೋಣೆಗೆ ಇದ್ದರೆ ಹಿಂದೆ ಹೇಳಿದ ಭಾರದ ಲೆಕ್ಕಕ್ಕೆ ಹಿಂದಿರುಗಿ, ಹಳೆಯದನ್ನು ಕೀಳಿಸುವುದೇ ಸರಿಯೇ ಎಂದು ನೋಡಬೇಕು.

ಟೈಲ್ಸ್ ಅಂಟಿಸುವುದು

ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಆದ್ದರಿಂದಲೇ ಬರಿಯ ಸಿಮೆಂಟ್ ಹಾಲು ಅದರ ಬೆನ್ನಿಗೆ ಹತ್ತುವುದಿಲ್ಲ. ಕೆಳಗಿನ ನೆಲವೂ ನೀರು ಹೀರದ್ದಾದಾಗ ಅದು ಇನ್ನೂ ಕಷ್ಟ. ಟೈಲ್ಸ್ ಅಂಟುಗಳ ಭಾರತೀಯ ಮಾನಕ ಐಎಸ್ 15477, 2019ರ ಪರಿಷ್ಕರಣೆಯಲ್ಲಿ ಅಂಟುಗಳನ್ನು ಐದು ಬಗೆಗಳಾಗಿ ವಿಂಗಡಿಸಿದೆ. ಚೀಲದ ಮೇಲೆ ಬಗೆಯ ಸಂಖ್ಯೆಯೂ, ಹಳೆಯ ಟೈಲ್ಸ್ ಮೇಲೆ ಟೈಲ್ಸ್ ಹಾಕಲು ಯೋಗ್ಯ ಎಂಬ ಮಾತೂ ಇದೆಯೇ ಎಂದು ಓದಿಯೇ ಕೊಳ್ಳಬೇಕು. ಅತಿ ಅಗ್ಗದ ಮೊದಲ ಬಗೆಯದು ಈ ಕೆಲಸಕ್ಕೆ ಬೇಡ. 20 ಕೆ.ಜಿ. ಚೀಲ 3 ಮಿ.ಮೀ. ದಪ್ಪದಲ್ಲಿ ಸುಮಾರು 50 ಚದರ ಅಡಿಗೆ ಬರುತ್ತದೆ. ಹಳೆಯ ನೆಲದ ಮೇಲೆ 40 ಎಂದು ಹಿಡಿಯುವುದು ಕ್ಷೇಮ. ಟೈಲ್ಸ್ ಅನ್ನು ಶೇ. 10ರಷ್ಟು ಹೆಚ್ಚು ತರಿಸಿ, ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ, ಶೇಡ್ ಸಂಖ್ಯೆ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು.

ಮೊದಲು ಅಂಟಿಲ್ಲದೆ ಟೈಲ್ಸ್ ಜೋಡಿಸಿ ನೋಡಬೇಕು. ಹಳೆಯ ಮನೆಗಳ ಗೋಡೆಗಳು ಮೂಲೆಮಟ್ಟಕ್ಕೆ ಇರುವುದು ಅಪರೂಪವಾದ್ದರಿಂದ ಗೋಡೆಯನ್ನು ನಂಬಿ ಸಾಲು ಹಿಡಿಯಬಾರದು. ಕೋಣೆಯ ನಡುವೆ ದಾರ ಕಟ್ಟಿ, ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಅಳೆದಾಗ ಓರೆ ಅಳತೆ ಸರಿಯಾಗಿ 5 ಅಡಿ ಬರುವಂತೆ ಎರಡು ಗೆರೆಗಳನ್ನು ಹಾಕಿಕೊಳ್ಳಬೇಕು. ಬಾಗಿಲಿನಿಂದ ಕಾಣುವ ಕಡೆ ಪೂರ್ತಿ ಟೈಲ್ಸ್, ಮಂಚ ಅಥವಾ ಬೀರುವಿನ ಕಡೆ ಕತ್ತರಿಸಿದ ತುಂಡು ಬರಲಿ. ಎರಡು ಬೆರಳಗಲದ ತುಂಡುಗಳು ಉಳಿಯುವಂತಿದ್ದರೆ ಇಡೀ ಸಾಲನ್ನು ಅರ್ಧ ಟೈಲ್ಸ್ ಸರಿಸಬೇಕು.

ಟೈಲ್ಸ್‌ನ ಬೆನ್ನನ್ನು ಅಂಗೈಯಿಂದ ಸವರಿದರೆ ಬಿಳಿ ಪುಡಿ ಹತ್ತುತ್ತದೆ. ಕುಲುಮೆಯಲ್ಲಿ ಅಂಟಿಕೊಳ್ಳದಿರಲೆಂದು ಕಾರ್ಖಾನೆಯಲ್ಲಿ ಹಾಕಿದ್ದು ಅದು. ಒದ್ದೆ ಸ್ಪಂಜಿನಿಂದ ಅದನ್ನು ಒರೆಸದಿದ್ದರೆ ಅಂಟು ಪುಡಿಯನ್ನು ಹಿಡಿಯುತ್ತದೆಯೇ ಹೊರತು ಟೈಲ್ಸ್ ಅನ್ನಲ್ಲ. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಪುಡಿ ಹಾಕಿ ಡ್ರಿಲ್ಲಿಗೆ ಜೋಡಿಸಿದ ಕಲಸುವ ಕಡ್ಡಿಯಿಂದ ಗಂಟಿಲ್ಲದಂತೆ ಕಲಸಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ಗಟ್ಟಿಯಾಗತೊಡಗಿದ ಅಂಟಿಗೆ ಮತ್ತೆ ನೀರು ಸೇರಿಸಬಾರದು. ಕರಣೆಯ ಚಪ್ಪಟೆ ಬದಿಯಿಂದ ನೆಲಕ್ಕೆ ತೆಳುವಾಗಿ ಒತ್ತಿ ಸವರಿ, ಹಲ್ಲಿನ ಬದಿಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ಎರಡಡಿ ಟೈಲ್ಸ್‌ಗೆ 10 ಅಥವಾ 12 ಮಿ.ಮೀ. ಹಲ್ಲಿನ ಕರಣೆ ಬೇಕು. ಟೈಲ್ಸ್‌ನ ಬೆನ್ನಿಗೂ ಒಂದು ತೆಳು ಪದರ ಸವರಿ, ಇಟ್ಟ ಮೇಲೆ ಗೆರೆಗಳಿಗೆ ಅಡ್ಡಲಾಗಿ ತುಸು ಹಿಂದೆ ಮುಂದೆ ಆಡಿಸಿ ಒತ್ತಿದರೆ ಗೆರೆಗಳು ಕುಸಿದು ಗಾಳಿ ಹೊರಹೋಗುತ್ತದೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಅಂಟಿನ ಉಂಡೆಗಳನ್ನಿಟ್ಟು ಟೈಲ್ಸ್ ಕೂರಿಸುವ ಅಭ್ಯಾಸವನ್ನು ಎಷ್ಟೇ ಅನುಭವಿ ಮೇಸ್ತ್ರಿಯಾದರೂ ಒಪ್ಪಬಾರದು. ಉಂಡೆಗಳ ನಡುವಿನ ಟೊಳ್ಳಿನ ಮೇಲೆ ಬೀರುವಿನ ಕಾಲು ಬಂದ ದಿನ ಟೈಲ್ಸ್ ಸೀಳುತ್ತದೆ. ಎರಡು ಮೂರು ಟೈಲ್ಸ್ ಹಾಕಿದ ಕೂಡಲೇ ಒಂದನ್ನು ಎತ್ತಿಸಿ ನೋಡಬೇಕು. ಒಣ ಕೋಣೆಗಳಲ್ಲಿ ಬೆನ್ನಿನ ಶೇ. 80ರಷ್ಟಾದರೂ, ನೀರಿನ ಜಾಗಗಳಲ್ಲಿ ಶೇ. 95ರಷ್ಟು ಅಂಟು ಹತ್ತಿರಬೇಕು.

ನೆಲದ ಮೇಲೆ ಹರಡಿದ ಅಂಟನ್ನು ಬೆರಳಿನಿಂದ ಮುಟ್ಟಿದಾಗ ಅದು ಬೆರಳಿಗೆ ಹತ್ತದಿದ್ದರೆ ಪೊರೆ ಕಟ್ಟಿದೆ ಎಂದರ್ಥ, ಕೆರೆದು ಬಿಸಾಡಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ, ಫ್ಯಾನ್ ತಿರುಗುತ್ತಿರುವ ಕೋಣೆಯಲ್ಲಿ ಇದು ಬಹುಬೇಗ ಆಗುತ್ತದೆ. ಟೈಲ್ಸ್‌ಗಳ ನಡುವೆ ಸ್ಪೇಸರ್ ಇಟ್ಟು 2ರಿಂದ 3 ಮಿ.ಮೀ. ಸಂದು ಬಿಡಬೇಕು. ಲೆವೆಲಿಂಗ್ ಕ್ಲಿಪ್ಪುಗಳು ಅಂಚುಗಳನ್ನು ಸರಿಹೊಂದಿಸುತ್ತವೆ. ಆದರೆ ತಗ್ಗಾದ ನೆಲದ ಮೇಲೆ ಅವು ಟೈಲ್ಸ್ ಅನ್ನು ಎತ್ತಿ ಹಿಡಿದು ಅಡಿಯಲ್ಲಿ ಟೊಳ್ಳು ಉಳಿಸಿಬಿಡುತ್ತವೆ. ಗೋಡೆಯ ಸುತ್ತ 6ರಿಂದ 8 ಮಿ.ಮೀ. ಖಾಲಿ ಬಿಡಬೇಕು, ಅದಕ್ಕೆ ಗಾರೆ ತುಂಬಬಾರದು. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಬಿಸಿಲಿಗೆ ಹಿಗ್ಗುವ ಟೈಲ್ಸ್‌ಗೆ ಜಾಗವಿಲ್ಲದಿದ್ದಾಗಲೇ ಒಂದು ಮಧ್ಯಾಹ್ನ ಕೋಣೆಯ ನಡುವೆ ಎರಡು ಟೈಲ್ಸ್ ದೊಡ್ಡ ಸದ್ದಿನೊಂದಿಗೆ ಗುಡಾರದಂತೆ ಎದ್ದು ನಿಲ್ಲುವುದು.

ಬಚ್ಚಲು, ಗ್ರೌಟ್ ಮತ್ತು ಉಳಿದದ್ದು

ಬಚ್ಚಲುಮನೆಯಲ್ಲಿ ಸೋರಿಕೆಯಿದ್ದರೆ ಮೇಲೆ ಟೈಲ್ಸ್ ಹಾಕಿ ಅದನ್ನು ನಿಲ್ಲಿಸಲಾಗದು. ಅಲ್ಲಿ ಹಳೆಯದನ್ನು ಕಿತ್ತು, ವಾಟರ್‌ಪ್ರೂಫಿಂಗ್ ಮಾಡಿಸಿ, 24 ಗಂಟೆಗಿಂತ ಹೆಚ್ಚು ಹೊತ್ತು ನೀರು ನಿಲ್ಲಿಸಿ ಕೆಳಗಿನ ಸೂರು ನೋಡಿದ ಮೇಲೆಯೇ ಮುಂದಿನ ಕೆಲಸ. ಸೋರಿಕೆಯಿಲ್ಲದಿದ್ದರೂ ಬಚ್ಚಲಿನ ನೆಲ ಹೊರಗಿನದಕ್ಕಿಂತ ತಗ್ಗಾಗಿಯೇ ಉಳಿಯುತ್ತದೆಯೇ, ಜಾಲರಿಯನ್ನು ಹೊಸ ಮಟ್ಟಕ್ಕೆ ಏರಿಸಬಹುದೇ, ಅದರ ಕಡೆಗೆ 80ರಿಂದ 100 ಅಂಗುಲಕ್ಕೆ ಒಂದು ಅಂಗುಲದ ವಾಟ ಸಿಗುತ್ತದೆಯೇ ಎಂದು ನೋಡಬೇಕು.

ಅಂಟಿಸಿ 24 ಗಂಟೆಯಾದ ಮೇಲೆ ಸಂದುಗಳನ್ನು ಸ್ವಚ್ಛ ಮಾಡಿ ಗ್ರೌಟ್ ತುಂಬಬಹುದು. ಕೋಣೆಗಳಿಗೆ ಸಿಮೆಂಟ್ ಗ್ರೌಟ್ ಸಾಕು; ಅರಿಶಿನ, ಎಣ್ಣೆ ಬೀಳುವ ಅಡುಗೆಮನೆಗೆ ಮತ್ತು ಬಚ್ಚಲಿಗೆ ಎಪಾಕ್ಸಿ ಗ್ರೌಟ್ ಹೆಚ್ಚು ಬೆಲೆಯಾದರೂ ತಕ್ಕುದು, ಆದರೆ ಅದು ಟೈಲ್ಸ್ ಮೇಲೆ ಒಣಗುವ ಮೊದಲೇ ಒರೆಸಬೇಕು. ಬಿಳಿ ಮಬ್ಬು ತೆಗೆಯಲು ಆಸಿಡ್ ಸುರಿಯುವ ರೂಢಿ ಗ್ರೌಟನ್ನೇ ತಿಂದುಹಾಕುತ್ತದೆ. ಬೀರು, ಮಂಚಗಳನ್ನು ಒಂದು ವಾರವಾದರೂ ಬಿಟ್ಟು, ಎಳೆಯದೆ ಎತ್ತಿ ಇಡಬೇಕು.

ಬಾಡಿಗೆ ಮನೆಗೆ, ಅಥವಾ ಇಷ್ಟು ಭಾರವೂ ಬೇಡವೆನ್ನುವ ಮಹಡಿಗೆ 4ರಿಂದ 6 ಮಿ.ಮೀ. ದಪ್ಪದ, ಕಲ್ಲಿನ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ, ಒಂದಕ್ಕೊಂದು ಸಿಕ್ಕಿಸುವ ಎಸ್‌ಪಿಸಿ ಹಲಗೆಗಳು ಒಂದು ಆಯ್ಕೆ. ಅವುಗಳಿಗೆ ಅಂಟು ಬೇಡವಾದರೂ ಸಮತಟ್ಟಾದ ನೆಲ ಬೇಕೇ ಬೇಕು. ಅಲೆಯಾದ ಕಡೆ ಸಿಕ್ಕಿಸುವ ತುಟಿ ಮುರಿದು ಹಲಗೆ ಕಿರುಗುಟ್ಟುತ್ತದೆ. ಮರದ ಪುಡಿಯಿಂದ ಮಾಡಿದ ಲ್ಯಾಮಿನೇಟ್ ಮಲೆನಾಡಿನ ಮಳೆಗೆ ಊದಿಕೊಳ್ಳುವುದರಿಂದ ಅಲ್ಲಿ ಅದನ್ನು ಹಾಕಿಸದಿರುವುದೇ ಸರಿ.

ಹೊಸ ನೆಲ ಹಳೆಯದನ್ನು ಸೇರುವ ಬಾಗಿಲಂಚಿನಲ್ಲಿ 15 ಮಿ.ಮೀ. ಮೆಟ್ಟಿಲು ಉಳಿದರೆ ವಯಸ್ಸಾದವರು ಎಡವುತ್ತಾರೆ. ಅಲ್ಲಿ ಅಂಚು ಇಳಿಜಾರಾಗಿ ಕೊರೆಸಿದ ಗ್ರಾನೈಟ್ ಪಟ್ಟಿಯನ್ನೋ ಅಲ್ಯೂಮಿನಿಯಂ ಪಟ್ಟಿಯನ್ನೋ ಕೂರಿಸಬೇಕು. ಬಾಗಿಲುಗಳನ್ನು ಹೊಸ ಎತ್ತರಕ್ಕೆ ಕೊಯ್ಯಿಸಿ, ಕೊಯ್ದ ಅಂಚಿಗೆ ಬಣ್ಣವೋ ವಾರ್ನಿಶ್ಶೋ ಹಚ್ಚಿಸಿ ತೂಗುಹಾಕಬೇಕು. ಉಳಿದ ಟೈಲ್ಸ್‌ನಲ್ಲಿ ಒಂದು ಪೆಟ್ಟಿಗೆಯನ್ನು ಬ್ಯಾಚ್ ಸಂಖ್ಯೆ ಕಾಣುವಂತೆ ಅಟ್ಟದ ಮೇಲೆ ತೆಗೆದಿಡಬೇಕು. ಮುಂದೆ ಒಂದೆರಡು ಟೈಲ್ಸ್ ಒಡೆದಾಗ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ.